ಚಿಲಕ ಕೇಳಿದ ಸುಮತಿಯಕ್ಕ

ಇವತ್ತು ಐರೋಳಿಯ ನಮ್ಮ ಆಫೀಸಿನ ಲಿಫ್ಟಿನಿಂದ ಹೊರಬರುತ್ತಲೇ ದೋಸೆಯ ಪರಿಮಳ ಮೂಗಿಗೆ ಬಡಿಯಿತು. ಸಂದರ್ಶನಕ್ಕೆ ಬರುವ ಪ್ರತಿಭಾವಂತರನ್ನು ಮರುಳು ಮಾಡಲು ಮೇಲಿನವರು ಲಾಬಿಯಲ್ಲೇ ಕಾವಲಿ ಇಡಿಸಿದ್ದಾರೆ. ಒಳ್ಳೆಯವರು ಸಿಗುವುದಿಲ್ಲ, ಸಿಕ್ಕರೆ ನಿಲ್ಲುವುದಿಲ್ಲ ಎಂಬುದು ಅವರ ಅಳಲು. ಜನರನ್ನು ಹುಡುಕಿ ತರುವುದೇ ನನ್ನ ಕಸುಬಾದ್ದರಿಂದ ಆ ಅಳಲು ಪ್ರತಿ ಸೋಮವಾರ ನನ್ನ ತಲೆಯ ಮೇಲೇ ಬೀಳುತ್ತದೆ. ಆದರೆ ನಿಮಗೆ ಹೇಳಬೇಕೆನಿಸಿದ್ದು ಅದನ್ನಲ್ಲ; ಠಾಣೆಯ ವರ್ತಕ ನಗರದಲ್ಲಿದ್ದ ನಮ್ಮ ಚಿಕ್ಕಪ್ಪನ ಹೋಟೆಲಿನ ಕತೆಯನ್ನು.

ಎರಡು ಸಾವಿರದ ದಶಕದ ಮಧ್ಯಭಾಗವಿರಬೇಕು. ಎದುರಿಗೊಂದು ಹೊಸ ಹೋಟೆಲು ತೆರೆಯಿತು. ಚಿಕ್ಕಪ್ಪನ ದೋಸೆ ಭಟ್ಟರು ಏಪ್ರನ್ ಕೂಡ ಬಿಚ್ಚದೆ ರಸ್ತೆ ದಾಟಿ ಅಲ್ಲಿಗೆ ಸೇರಿಕೊಂಡರು. ಹಿಂದೆಯೇ ಗಿರಾಕಿಗಳೂ ದಾಟತೊಡಗಿದರು. ನಾನಾಗ ಅಲ್ಲೇ ಹತ್ತಿರದ ಕೈಗಾರಿಕಾ ಪ್ರದೇಶವಾದ ವಾಗ್ಳೆ ಎಸ್ಟೇಟಿನ ಒಂದು ಕಂಪನಿಯಲ್ಲಿ ಎಚ್‌ಆರ್ ಎಂಬ ಹೊಸ ಬಿರುದು ಅಂಟಿಸಿಕೊಂಡಿದ್ದೆ.

"ನೀನು ಟೈ ಕಟ್ಟಿಕೊಂಡು ಜನ ಹಿಡಿಯುವವನಲ್ವಾ ಮಾರಾಯ? ನನಗೊಬ್ಬ ದೋಸೆಯವನನ್ನು ಹಿಡಿದುಕೊಡು" ಎಂದರು ಚಿಕ್ಕಪ್ಪ.

ಹಿಡಿದೆ. ಮೊದಲನೆಯವನು ತನ್ನ ಹೆಸರಿನ ಮುಂದೆ 'ಶೆಫ್' ಎಂದು ವಿಸಿಟಿಂಗ್ ಕಾರ್ಡ್ ಬೇಕೆಂದ. ಚಿಕ್ಕಪ್ಪ ಹೊಳೆಯುವ ಅಕ್ಷರದಲ್ಲಿ ಅಚ್ಚು ಹಾಕಿಸಿದರು. ಅದೇ ಕಾರ್ಡ್ ತೋರಿಸಿ ಅವನು ವಾಶಿಯಲ್ಲಿ ಕೆಲಸ ಗಿಟ್ಟಿಸಿಕೊಂಡ. ಎರಡನೆಯವನಿಗೆ ಮಲಗುವ ಕೋಣೆಯಲ್ಲಿ ಟಿವಿ ಬೇಕಿತ್ತು. ಟಿವಿ ಬಂತು, ಕ್ರಿಕೆಟ್ ಮುಗಿದ ವಾರವೇ ಅವನೂ ಹೋದ. "ಐದು ವರ್ಷದ ನಂತರ ನಿಮ್ಮನ್ನು ಎಲ್ಲಿ ಕಾಣುತ್ತೀರಿ?" ಎಂದು ಗಂಭೀರವಾಗಿ ನಾನು ಕೇಳಿದಾಗ ಅವನು "ಊರಲ್ಲಿ" ಎಂದಿದ್ದ. ಸುಳ್ಳು ಹೇಳಿರಲಿಲ್ಲ.

ಆಮೇಲೆ ಬಂದವರು ಸುಮತಿಯಕ್ಕ. ಡೊಂಬಿವಲಿಯಲ್ಲಿ ಮೆಸ್ ನಡೆಸುತ್ತಿದ್ದರು. ಕಟ್ಟಡ ಕೆಡವಿದ್ದರಿಂದ ಮೆಸ್ಸೂ ನಿಂತಿತ್ತು. ನನ್ನ ಪ್ರಶ್ನೆಗಳಿಗೆ ಕಾಯದೆ ಕಾವಲಿಯ ಮುಂದೆ ನಿಂತು ಒಂದು ದೋಸೆ ಹೊಯ್ದರು. ಚಿಕ್ಕಪ್ಪ ನಿಂತಲ್ಲೇ ತಿಂದು ಇನ್ನೊಂದು ಕೇಳಿದರು.

"ನಾಳೆಯಿಂದಲೇ ಬನ್ನಿ. ಎಂತ ಬೇಕು ಹೇಳಿ, ಕೊಡುವ."

"ಹೆಂಗಸರಿಗೆ ಟಾಯ್ಲೆಟ್ ಉಂಟಾ ಅಣ್ಣ?"

ಚಿಕ್ಕಪ್ಪ ತಡವರಿಸಿದರು. "ಹಿಂದುಗಡೆ ಒಂದು ಉಂಟಲ್ಲ."

"ನೋಡಿದೆ. ಬಾಗಿಲಿಲ್ಲ, ಗೋಣಿ ಕಟ್ಟಿದ್ದೀರಿ. ಬಾಗಿಲಿಟ್ಟು ಚಿಲಕ ಹಾಕಿಸಿದ ಮೇಲೆ ಹೇಳಿಕಳಿಸಿ" ಎಂದು ಅವರು ಚೀಲ ಎತ್ತಿಕೊಂಡು ಹೊರಟೇಬಿಟ್ಟರು.

"ದೋಸೆ ಹೊಯ್ಯಲಿಕ್ಕೆ ಚಿಲಕ ಬೇಕಂತೆ!" ಎಂದು ಚಿಕ್ಕಪ್ಪ ನಕ್ಕರು. ನಾನೂ ನಕ್ಕೆ. ಮೂಲೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ಚಿಕ್ಕಮ್ಮ ಕೈ ನಿಲ್ಲಿಸಿದರು. ಹೋಟೆಲು ತೆರೆದಂದಿನಿಂದ ದಿನವೂ ಬಂದು ದುಡಿಯುತ್ತಿದ್ದವರು ಅವರು. ಅವರನ್ನು ಯಾರೂ ಸಂದರ್ಶಿಸಿರಲಿಲ್ಲ, ತಾಳಿಯೇ ಅಪಾಯಿಂಟ್‌ಮೆಂಟ್.

"ಬೆಳಿಗ್ಗೆ ಇಲ್ಲಿಗೆ ಬಂದರೆ ಮಧ್ಯಾಹ್ನ ಮನೆ ಮುಟ್ಟುವವರೆಗೆ ನಾನು ಒಂದು ಗುಟುಕು ನೀರು ಕುಡಿಯುವುದಿಲ್ಲ. ಎಂತಕ್ಕೆ ಅಂತ ಒಂದು ದಿನವಾದರೂ ಕೇಳಿದ್ದೀರಾ ನೀವು?"

ಚಿಕ್ಕಪ್ಪನ ನಗು ಅಲ್ಲಿಗೇ ನಿಂತಿತು. ಮರುದಿನ ಬೆಳಿಗ್ಗೆಯೇ ಗಾರೆಯವನು ಬಂದ. ಉಗ್ರಾಣದ ಅರ್ಧ ಭಾಗ ಟಾಯ್ಲೆಟ್ಟಾಯಿತು. ಸುಮತಿಯಕ್ಕ ಬಂದು ಒಳಗಿನಿಂದ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿ, ಕೈ ತೊಳೆದುಕೊಂಡು ಕಾವಲಿಗೆ ನೀರು ಚಿಮುಕಿಸಿದರು. ರಸ್ತೆ ದಾಟಿದ್ದ ಗಿರಾಕಿಗಳು ಒಬ್ಬೊಬ್ಬರಾಗಿ ವಾಪಸು ದಾಟಿದರು. ಚಿಕ್ಕಮ್ಮ ಗಲ್ಲಾದ ಪಕ್ಕ ನಿಂತು, ಎಲ್ಲರ ಎದುರೇ, ಒಂದು ದೊಡ್ಡ ಲೋಟ ಮಜ್ಜಿಗೆ ಕುಡಿದರು.

ಇದನ್ನೆಲ್ಲ ನೆನೆಯುತ್ತ ಇವತ್ತಿನ ಮೀಟಿಂಗಿನಲ್ಲಿ ಕೂತಿದ್ದೆ. ಮುಂದಿನ ಬಾರಿ ದೋಸೆಯ ಜೊತೆ ಪಿಜ್ಜಾವೂ ಇರಲಿ ಎಂದು ಗಹನವಾದ ಚರ್ಚೆ ನಡೆದಿತ್ತು. ಎದ್ದು ಕೆಳಗಿಳಿದೆ. ಗೇಟಿನಲ್ಲಿ ಬೆಳಗಿನಿಂದ ನಿಂತಿದ್ದ ಸೆಕ್ಯುರಿಟಿ ಹೆಂಗಸನ್ನು, ಕೆಲಸದ ನಡುವೆ ಟಾಯ್ಲೆಟ್ಟಿಗೆ ಎಲ್ಲಿಗೆ ಹೋಗುತ್ತೀರಿ ಎಂದು ಹಿಂದಿಯಲ್ಲಿ ಕೇಳಿದೆ. ಅವಳು ಗಾಬರಿಯಿಂದ ಹೆದ್ದಾರಿಯ ಆಚೆ ಕೈ ತೋರಿಸಿದಳು.

"ಪೆಟ್ರೋಲ್ ಪಂಪ್ ಪೇ, ಸಾಬ್. ಜಲ್ದಿ ಆ ಜಾತೀ ಹೂಂ." ಪೆಟ್ರೋಲ್ ಪಂಪಿಗೆ ಹೋಗುತ್ತಾಳಂತೆ; ಬೇಗ ಬಂದುಬಿಡುತ್ತೇನೆ ಎಂಬ ಸಮಜಾಯಿಷಿ ಬೇರೆ.

ನಾನು ಮೀಟಿಂಗಿಗೆ ಮರಳಲಿಲ್ಲ. ಕಟ್ಟಡದ ಉಸ್ತುವಾರಿಯವರ ಕೋಣೆಯ ಬಾಗಿಲು ತಟ್ಟಿದೆ.