ಚಿಕ್ಕಿ ಕೇಳಿದ ಕೊನೆಯ ಕಂತು

ಆಗೆಲ್ಲ ಟೀವಿ ನೋಡಬೇಕೆಂದರೆ ಮೊದಲು ಯಾರಾದರೂ ಅಂಗಳಕ್ಕೆ ಹೋಗಿ ಡಿಶ್ ತಿರುಗಿಸಬೇಕಿತ್ತು. ಬಣಕಲ್ಲಿನಾಚೆಯ ಎಸ್ಟೇಟೊಂದರಲ್ಲಿ ಅಪ್ಪ ಲೆಕ್ಕ ಬರೆಯುವ ರೈಟರ್ ಆಗಿದ್ದರು. ನಾವಿದ್ದದ್ದು ಅಲ್ಲಿಯ ಕ್ವಾರ್ಟರ್ಸಿನಲ್ಲಿ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪ ಕ್ರಿಕೆಟ್ ಹುಡುಕುತ್ತ ಡಿಶ್ ತಿರುಗಿಸಿದರು. ಕ್ರಿಕೆಟ್ ಸಿಗಲಿಲ್ಲ, ಕೊರಿಯಾದ ಚಾನೆಲ್ ಸಿಕ್ಕಿತು.

ಅದಕ್ಕೆ ಎಲ್ಲರಿಗಿಂತ ಮೊದಲು ಮರುಳಾದವಳು ಚಿಕ್ಕಿ, ಅಮ್ಮನ ತಂಗಿ ಸುಮ. ಬಣಕಲ್ಲಿನಲ್ಲಿ ಹೊಲಿಗೆ ಕಲಿಯಲೆಂದು ಬಂದು ನಮ್ಮಲ್ಲೇ ಇದ್ದಳು. ಅವಳಿಗೆ ಇಂಗ್ಲಿಷ್ ಬಾರದು. ಧಾರಾವಾಹಿಯ ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಓದಿ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ನನಗೂ ಅರ್ಧ ಅರ್ಥವಾಗುತ್ತಿತ್ತು, ಇನ್ನರ್ಧ ನಾನೇ ಕಟ್ಟುತ್ತಿದ್ದೆ. ಒಂದು ಸಲ ಟೀವಿಯ ಹುಡುಗಿ “ಅಪ್ಪಾ” ಎಂದು ಅತ್ತಾಗ ಜಗಲಿಯಲ್ಲಿದ್ದ ನಮ್ಮಪ್ಪ “ಎಂತದೇ?” ಎಂದು ಎದ್ದು ಬಂದರು. ಕೊರಿಯಾದವರಿಗೂ ಅಪ್ಪ ಎಂದರೆ ಅಪ್ಪನೇ ಎಂದು ತಿಳಿದು ಚಿಕ್ಕಿ ನಕ್ಕು ನಕ್ಕು ಸುಸ್ತಾದಳು.

ಅದು ಕಾಫಿ ಕೊಯ್ಲಿನ ಕಾಲ. ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರದಿಂದ ಬಿದ್ದ ಸಿಪ್ಪೆ ಕೊಳೆತ ಹುಳಿ ವಾಸನೆ ಮನೆಯೊಳಗೆಲ್ಲ ತುಂಬಿರುತ್ತಿತ್ತು. ಕಾಫಿ ಗಿಡದ ಕಡ್ಡಿಗಳನ್ನು ಹೆರೆದು ನಯಮಾಡಿ, ಟೀವಿಯವರು ಎರಡು ಕಡ್ಡಿಯಲ್ಲಿ ಉಣ್ಣುವಂತೆ ಅವುಗಳಿಂದ ಒತ್ತುಶ್ಯಾವಿಗೆ ಎತ್ತಿ ತಿನ್ನುವ ಪಂದ್ಯ ಕಟ್ಟುತ್ತಿದ್ದೆವು. ಆ ಚಾನೆಲಿನ ಹಾಡುಗಾರ ಹುಡುಗರು ಕುಣಿದಂತೆಯೇ ಸಂಜೆ ಕಣದಲ್ಲಿ, ಒಣಗಲು ಹರಡಿದ ಕಾಫಿಯ ಪಕ್ಕದಲ್ಲಿ ಕುಣಿಯುತ್ತಿದ್ದೆವು. ಮಾತು ತಿಳಿಯದ ಹಾಡನ್ನು ಬಾಯಿಗೆ ಬಂದಂತೆ ಹಾಡುತ್ತಿದ್ದೆವು.

ಒಂದು ಸಂಜೆ ಚಿಕ್ಕಿ ಹಾಡಿನ ನಡುವೆಯೇ ಕುಕ್ಕರಿಸಿ ಕೂತಳು. “ಉಸಿರು ಸಾಲ್ತಿಲ್ಲ ಕಣೇ.” ಹೆಚ್ಚು ಕುಣಿದದ್ದಕ್ಕೆ ಎಂದುಕೊಂಡೆ.

ಆಗ ನಾವು ನೋಡುತ್ತಿದ್ದ ಧಾರಾವಾಹಿಯಲ್ಲಿ ಬೇಕರಿ ಹುಡುಗಿಯೊಬ್ಬಳಿದ್ದಳು. ಒಂದು ಕಂತಿನಲ್ಲಿ ಅವಳ ಮೂಗಿನಿಂದ ರಕ್ತ ಬಂತು.

“ಮುಗೀತು. ಇನ್ನು ಇವ್ಳು ಉಳಿಯಲ್ಲ,” ಎಂದಳು ಚಿಕ್ಕಿ. ಆ ಕತೆಗಳಲ್ಲಿ ಮೂಗಿನಿಂದ ರಕ್ತ ಬಂತೆಂದರೆ ಮುಂದಿನದು ನಮಗೆ ಗೊತ್ತಿತ್ತು. ಚಿಕ್ಕಿಯ ದಾವಣಿಯ ಸೆರಗಿನಲ್ಲೇ ಇಬ್ಬರೂ ಕಣ್ಣೊರೆಸಿಕೊಂಡು ಖುಷಿಯಿಂದ ಅತ್ತೆವು.

ಅದೇ ವಾರ ಹೊಲಿಗೆ ಯಂತ್ರದ ಮೇಲೆ ಬಗ್ಗಿದ್ದ ಚಿಕ್ಕಿಯ ಮೂಗಿನಿಂದ ಬಿಳಿ ಬಟ್ಟೆಗೆ ರಕ್ತ ತೊಟ್ಟಿಕ್ಕಿತು.

“ನೋಡು, ನಾನೂ ಹೀರೋಯಿನ್ ಆದೆ,” ಎಂದು ನಕ್ಕಳು. ನಾನೂ ನಕ್ಕೆ. ರಕ್ತ ಬೇಗ ನಿಲ್ಲಲಿಲ್ಲ. ಇಬ್ಬರ ನಗುವೂ ನಿಂತಿತು.

ಬಟ್ಟೆ ಒಗೆಯುವಾಗ ಅವಳ ಮೊಣಕಾಲಿನ ಕೆಳಗೆ ನೀಲಿ ಕಲೆಗಳು ಕಂಡವು. ಎಲ್ಲೂ ಬಿದ್ದಿರಲಿಲ್ಲ, ಏನೂ ತಾಗಿರಲಿಲ್ಲ.

“ಅಕ್ಕನ ಹತ್ರ ಹೇಳ್ಬೇಡ ಮಾರಾಯ್ತಿ,” ಎಂದು ಕೈ ಹಿಡಿದಳು. “ಜಾವಳಿಯವ್ರು ನೋಡೋಕೆ ಬರ್ತಾರೆ. ಕಾಯಿಲೆ ಅಂದ್ರೆ ಯಾರು ಮದ್ವೆ ಆಗ್ತಾರೆ?”

ಅಂದು ಧಾರಾವಾಹಿ ಶುರುವಾದಾಗ ನನಗೆ ಒಂದು ಸಾಲೂ ಓದಲಾಗಲಿಲ್ಲ. “ಎಂತ ಹೇಳಿದ್ಲು? ಹೇಳೇ,” ಎಂದು ಚಿಕ್ಕಿ ತಿವಿದಳು. ನಾನು ಎದ್ದು ಅಡುಗೆಮನೆಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದೆ.

“ಆ ಟೀವಿ ನೋಡಿ ನೋಡಿ ತಲೆ ಕೆಟ್ಟಿದೆ ನಿಂಗೆ,” ಎಂದು ಅಮ್ಮ ಗದರಿದಳು. ಆದರೂ ಬಂದು ಚಿಕ್ಕಿಯ ಲಂಗ ಸರಿಸಿ ಕಾಲು ನೋಡಿದಳು. ಒಲೆಯ ಮೇಲೆ ಪಲ್ಯ ಸೀಯುತ್ತಿದ್ದರೂ ಹಾಗೇ ನಿಂತಿದ್ದಳು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಜಾವಳಿಯವರಿಗೆ ಈಗ ಬರಬೇಡಿ ಎಂದು ಹೇಳಿ ಕಳಿಸಿದರು. ಮೂಡಿಗೆರೆಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ತಡಮಾಡದೆ ಮಂಗಳೂರಿಗೆ ಕರೆದೊಯ್ಯಿರಿ ಎಂದರು. ಜೀಪು ಹತ್ತುವಾಗ ಚಿಕ್ಕಿ ನನ್ನ ಮುಖ ನೋಡಲಿಲ್ಲ. “ಹೇಳ್ಬಿಟ್ಟೆ ಅಲ್ವಾ,” ಎಂದಳು ಅಷ್ಟೇ.

ಶಾಲೆಯ ಪರೀಕ್ಷೆ ಮುಗಿದ ಮೇಲೆ ನನ್ನನ್ನೂ ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ದರು. ರಕ್ತದ ಕಾಯಿಲೆ ಎಂದಷ್ಟೇ ನನಗೆ ಹೇಳಿದ್ದರು. ಚಿಕ್ಕಿಯ ಕೂದಲು ಉದುರಿಹೋಗಿತ್ತು, ತುಟಿ ಬಿಳಿಚಿತ್ತು. ಸಿಟ್ಟಿರಬಹುದೆಂದು ಬಾಗಿಲಲ್ಲೇ ನಿಂತೆ. ಅವಳೇ ಕೈಚಾಚಿ ಕರೆದಳು.

“ಕೊನೇ ಕಂತು ನೋಡಿದ್ಯಾ? ಅವ್ಳು ಉಳಿದ್ಲಾ?”

ಬೇಕರಿ ಹುಡುಗಿ ಹಿಮ ಬೀಳುವ ಬಸ್‌ಸ್ಟಾಪಿನಲ್ಲಿ, ಹೀರೋನ ಹೆಗಲಿಗೊರಗಿ ಸತ್ತಿದ್ದಳು.

“ಉಳಿದ್ಲು,” ಎಂದೆ.

“ಹೇಗೆ?”

“ಬೇರೆ ಊರಿಂದ ದೊಡ್ಡ ಡಾಕ್ಟ್ರು ಬಂದ್ರು.”

“ಮದ್ವೆ?”

“ಆಯ್ತು. ಕೆಂಪು ಲಂಗ ಉಟ್ಟಿದ್ಲು. ಚೆಂದ ಕಾಣ್ತಿದ್ಲು.”

“ನೀನು ಸೇರಿಸಿ ಸೇರಿಸಿ ಹೇಳ್ತಿದ್ದಿ ಅಂತ ನಂಗೆ ಮೊದ್ಲಿಂದ್ಲೂ ಗೊತ್ತಿತ್ತು ಕಣೇ,” ಎಂದು ಚಿಕ್ಕಿ ಮೆಲ್ಲಗೆ ನಕ್ಕಳು. “ಇರ್ಲಿ. ಇದು ಹೀಗೇ ಇರ್ಲಿ.”

ಶಾಲೆ ಮತ್ತೆ ಶುರುವಾಗುವ ಮೊದಲೇ ಚಿಕ್ಕಿ ಹೋದಳು. ಅಪ್ಪ ಡಿಶ್ ಬೇರೆ ಕಡೆ ತಿರುಗಿಸಿದರು. ಆ ಚಾನೆಲ್ ಬೇಕೆಂದು ನಾನೂ ಕೇಳಲಿಲ್ಲ.

ಈಗ ಚಿಕ್ಕಮಗಳೂರಿನ ಕಾಲೇಜಿನಲ್ಲಿ ನಾನು ಪಾಠ ಹೇಳುವ ಹುಡುಗಿಯರಿಗೆ ಕೊರಿಯಾದ ಹಾಡುಗಳೆಲ್ಲ ಬಾಯಿಪಾಠ, ಕೆಲವರು ಅದರ ಅಕ್ಷರವನ್ನೂ ಬರೆಯುತ್ತಾರೆ. ಬೇಕಾದ ಕತೆ ಬೇಕಾದಾಗ ಫೋನಿನಲ್ಲೇ ಸಿಗುತ್ತದೆ. ಅವರಲ್ಲಿ ಎಷ್ಟೋ ಜನ ಅಂದಿನ ಚಿಕ್ಕಿಯ ವಯಸ್ಸಿನವರು. ನನ್ನ ಕಣ್ಣಿಗೆ ಇನ್ನೂ ಮಕ್ಕಳು. ಅಮ್ಮನಿಗಿದ್ದದ್ದು ಒಬ್ಬಳೇ ತಂಗಿ. “ಚಿಕ್ಕೀ” ಎಂದು ಯಾರನ್ನಾದರೂ ಕೂಗಿ ಕರೆದು ನನಗೆ ಎಷ್ಟು ಕಾಲವಾಯಿತೋ.