ಅಮೀರ ಚಾಚಾ ಹೊತ್ತ ಕೊನೆಯ ಚೀಲ

ಆಳಂದದ ಮಾರ್ಕೆಟ್ ಯಾರ್ಡಿನಲ್ಲಿ ತೊಗರಿ ಚೀಲ ಹೊರುವ ನಮ್ಮ ಹಮಾಲರ ಟೋಳಿಗೆ ಒಂದು ರೂಢಿಯಿದೆ. ಯಾರು ಎಷ್ಟೇ ಹೊರಲಿ, ಸಂಜೆಗೆ ಕೂಲಿ ಸಮಪಾಲು. ಆದರೆ ಸರ್ಕಾರದ ವೃದ್ಧಾಪ್ಯ ಪಿಂಚಣಿಗೆ ಅರ್ಜಿ ಹಾಕಿದವನು ಅಂದೇ ಚೀಲಕ್ಕೆ ಸಿಕ್ಕಿಸಿ ಎತ್ತುವ ತನ್ನ ಕಬ್ಬಿಣದ ಹುಕ್ಕನ್ನು ಟೋಳಿಯ ಮುಖ್ಯಸ್ಥ ಮುಕಾದಮನ ಕೈಗೆ ಕೊಟ್ಟು ಟೋಳಿ ಬಿಡಬೇಕು. ಹುಕ್ಕಿಲ್ಲದವನಿಗೆ ಪಾಲಿಲ್ಲ; ಒಮ್ಮೆ ಕೊಟ್ಟ ಹುಕ್ಕು ಮರಳಿ ಸಿಗುವುದೂ ಇಲ್ಲ.

ಟೋಳಿಯ ಹಳಬ ಅಮೀರ ಚಾಚಾ ಸಿಕ್ಕಿಬಿದ್ದದ್ದು ಇಲ್ಲೇ. ಯಾರ್ಡಿನ ಬಾಗಿಲಲ್ಲಿ ಚಹಾ ಮಾರುವ ನಾನು, ಅರವತ್ತು ತುಂಬಿದಾಗಲೇ ಅರ್ಜಿ ಹಾಕು ಎಂದು ಬಡಕೊಂಡೆ. ಕೇಳುವ ಆಸಾಮಿಯೇ ಅಲ್ಲ.

"ಪಿಂಚಣಿಯೊಳಗ ಮುಮತಾಜಳ ಇನ್ಸುಲಿನ್ ಬರಂಗಿಲ್ಲಲೇ. ಪಾಲು ಬಂದ್ರಷ್ಟ ಆಕಿ ಉಳೀತಾಳ," ಎನ್ನುತ್ತಿದ್ದ. ಮುಮತಾಜ ಅವನ ಹೆಂಡತಿ. ಮಕ್ಕಳಿಲ್ಲ.

ಹಾಗೆಯೇ ವರ್ಷಗಳನ್ನು ತಳ್ಳಿದ. ಸೊಂಟ ಕೈಕೊಟ್ಟಿತು. ಮೊದಲು ಹಗುರ ಚೀಲ, ಆಮೇಲೆ ಬರೀ ಚೀಲದ ಬಾಯಿ ಹೊಲಿಯುವ ಕೆಲಸ. ಅವನ ಭಾರವನ್ನು ಉಳಿದವರು ಹೊತ್ತರು, ಸಂಜೆಗೆ ಪಾಲು ಮಾತ್ರ ಸಮನಾಗಿಯೇ ಕೊಟ್ಟರು. ಈ ಸಲದ ಸುಗ್ಗಿಯಲ್ಲಿ ಕೂತಲ್ಲೇ ಕಣ್ಣಿಗೆ ಕತ್ತಲೆ ಬಂದು ಉರುಳಿದ.

ಮುಕಾದಮ ಖಂಡಪ್ಪ ನೀರು ಕುಡಿಸಿ ಹೇಳಿದ: "ಸಾಕ್ರಿ ಚಾಚಾ. ಇನ್ನ ಪಿಂಚಣಿ ತಗೋರಿ."

ಚಾಚಾ ಹುಕ್ಕು ಕೊಟ್ಟ. ಅರ್ಜಿ ಹಾಕಿದ. ಮನೆಯಲ್ಲಿ ಮುಮತಾಜಳ ಮುಖ ನೋಡಲಾರದೆ ದಿನಾ ಬಂದು ನನ್ನ ಅಂಗಡಿಯಲ್ಲೇ ಕೂಡುತ್ತಿದ್ದ.

ಅರ್ಜಿ ಹಾಕಿದವನಿಗೆ ನಿಜವಾಗಿಯೂ ದುಡಿಮೆಯಿಲ್ಲವೇ ಎಂದು ವಿಚಾರಿಸಲು ಕಚೇರಿಯವರೊಬ್ಬರು ಅಲ್ಲಿಗೇ ಬಂದರು.

"ಈಗೂ ಚೀಲ ಹೊರ್ತೀರೇನ್ರಿ?"

ಇಲ್ಲ ಎಂದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಲಾರಿ ತುಂಬುತ್ತಿದ್ದ ಗುರುಲಿಂಗ, ಚಾಚಾನಿಗೆ ಒಳ್ಳೆಯದಾಗಲೆಂದೇ, ಮೇಲಿನಿಂದ ಕೂಗಿದ: "ಎಲ್ಲಿ ಹೊರೋದ್ರಿ ಸಾಹೇಬ್ರ? ಇಷ್ಟು ವರ್ಷ ಅವ್ರ ಪಾಲಿಂದು ನಾವೇ ಹೊತ್ತೇವ್ರಿ!"

ಯಾರ್ಡಿಗೆ ಯಾರ್ಡೇ ನಕ್ಕಿತು. ಚಾಚಾನ ಮುಖ ಕಪ್ಪಿಟ್ಟಿತು. ನಾನು ಅಂಗಿ ಹಿಡಿದು ಎಳೆದೆ, ಕೊಸರಿಕೊಂಡ. ಖಂಡಪ್ಪನ ಕೈಯಿಂದ ಹುಕ್ಕು ಕಿತ್ತುಕೊಂಡು, ತುಂಬಿದ ಚೀಲವೊಂದನ್ನು ಬೆನ್ನಿಗೇರಿಸಿ, ಯಾರ ಆಸರೆಯೂ ಇಲ್ಲದೆ ಹಲಗೆ ಹತ್ತಿ ಲಾರಿಯೊಳಗೆ ಕೆಡವಿದ. ಆ ಹಾಳು ಹಟಕ್ಕೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಕೈಲಿದ್ದ ಚಹಾ ಚೆಲ್ಲಿಬಿಟ್ಟೆ.

"ಗಟ್ಟಿ ಇದ್ದೀರಲ್ರಿ. ದುಡಿಯೋರಿಗೆ ಪಿಂಚಣಿ ಬರಂಗಿಲ್ಲ ನೋಡ್ರಿ," ಎಂದು ಬರೆದುಕೊಂಡು ಸಾಹೇಬರು ಹೊರಟೇಬಿಟ್ಟರು. ಹಿಂದೆ ಓಡಿದೆ, ಕೈಮುಗಿದೆ. ಕಣ್ಣಾರೆ ಕಂಡದ್ದನ್ನು ಅವರು ತಾನೇ ಹೇಗೆ ಅಳಿಸಿಯಾರು?

ತಿರುಗಿ ಬಂದಾಗ ಚಾಚಾ ಲಾರಿಯ ಮೇಲೆ ಅದೇ ಚೀಲದ ಮೇಲೆ ಕುಸಿದು ಕೂತಿದ್ದ. ಏಳಲು ಆಗುತ್ತಿರಲಿಲ್ಲ. "ಮುಮತಾಜಗ ಏನಂತ ಹೇಳ್ಲಿ? ನನ್ನ ಕೈಯಾರೆ ಕೊಂದ್ನಲ್ಲೋ ಆಕಿನ್ನ," ಎಂದು ಬಿಕ್ಕಿದ.

ಖಂಡಪ್ಪ ಹಲಗೆ ಹತ್ತಿ ಕೈ ಚಾಚಿದ. ಇಳಿಸಲು ಬಂದನೆಂದುಕೊಂಡು ಚಾಚಾ ತನ್ನ ಕೈ ಕೊಟ್ಟ.

ಖಂಡಪ್ಪ ಮುಖ ಆಚೆ ತಿರುಗಿಸಿ ಹೇಳಿದ: "ಹುಕ್ಕು ಕೊಡ್ರಿ ಚಾಚಾ."