ಮೀನು ತೊಳೆದ ನೀರು ಮತ್ತು ಅಕೇಶಿಯಾ ಎಲೆ

ಬಕೆಟು ನೀಲಿ. ಅಥವಾ ನೀಲಿಯಾಗಿರಲಿಲ್ಲವೇನೋ. ಕ್ಯಾಂಟೀನಿನ ಹಿಂಬಾಗಿಲಲ್ಲಿ ಅದರ ಯಜಮಾನರಾದ ಕಾಕ ನಿಂತದ್ದು, ಬಾಗಿ ಬಕೆಟು ಕೊಟ್ಟದ್ದು, ಅದರ ಅಂಚಿಗೆ ಅಂಟಿದ್ದ ಬೂತಾಯಿ ಮೀನಿನ ಹುರುಪೆ ಬಿಸಿಲಿಗೆ ಹೊಳೆದದ್ದು, ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಅನುಮಾನ ಬರುವುದೂ ಅದಕ್ಕೇ. ನಿಜವಾಗಿ ನಡೆದ ಸಂಗತಿಗಳು ನನಗೆ ಸಾಮಾನ್ಯವಾಗಿ ಇಷ್ಟು ಚೆನ್ನಾಗಿ ನೆನಪಿರುವುದಿಲ್ಲ.

ಅನುಮಾನವಿಲ್ಲದೆ ಹೇಳಬಹುದಾದದ್ದು ಒಂದು ವಾಕ್ಯ ಮಾತ್ರ, ಏಕೆಂದರೆ ಅದು ಕಾಗದದ ಮೇಲಿದೆ, ಕೆಳಗೆ ನನ್ನ ಸಹಿಯಿದೆ. "ಬಿದ್ದ ಎಲೆ ಬಿದ್ದಲ್ಲೇ ಇರಲಿ." ಕದ್ರಿ ಗುಡ್ಡದ ಇಳಿಜಾರಿನಲ್ಲಿರುವ ನಮ್ಮ ಕ್ಯಾಂಪಸ್ಸಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಆ ವರ್ಷ ನನ್ನನ್ನು ಹಸಿರು ಕ್ಯಾಂಪಸ್ ಸಮಿತಿಯ ಸಂಚಾಲಕಿಯನ್ನಾಗಿ ಮಾಡಿದ್ದರು. ಆಯ್ಕೆಯ ಸಭೆಗೆ ನಾನು ಹೋಗಿರಲಿಲ್ಲ, ಕಾರಣ ಬಹುಶಃ ಅಷ್ಟೇ. ಫೆಬ್ರವರಿಯಲ್ಲಿ ಇಲ್ಲಿ ಮಾವು ಹೂ ಬಿಡುತ್ತದೆ, ಅಕೇಶಿಯಾ ಎಲೆ ಉದುರಿಸುತ್ತದೆ. ಬೆಳಿಗ್ಗೆ ಎಂಟಕ್ಕೆ ಪ್ರಯೋಗಾಲಯದ ಕಿಟಕಿ ತೆರೆದರೆ ಎಲೆ ಸುಟ್ಟ ಹೊಗೆ. ಸುಡಬೇಡಿ ಎಂದು ಸಮಿತಿಯ ವರದಿಯಲ್ಲಿ ಬರೆದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಕೊನೆಗೊಂದು ಚಂದದ ವಾಕ್ಯ ಬೇಕೆನಿಸಿತು.

ಆಡಳಿತ ಕಚೇರಿ ಆ ವಾಕ್ಯವನ್ನು ನನಗಿಂತ ಗಮನವಿಟ್ಟು ಓದಿತು. ಎಲೆ ಬಿದ್ದಲ್ಲೇ ಇರುವುದಾದರೆ ಗುಡಿಸಲು ಮೂವರೇಕೆ? ರಜೆ ಶುರುವಾದ ಮೇಲೆ ಇಬ್ಬರು ಸಾಕು ಎಂದು ಗುತ್ತಿಗೆದಾರರಿಗೆ ಪತ್ರ ಹೋಯಿತು. ಮೂರನೆಯವರು ಬಾಯಮ್ಮ. ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಹೆಂಗಸರನ್ನು ಇಲ್ಲಿ ಹಾಗೆಯೇ ಕರೆಯುತ್ತಾರೆ; ಇಷ್ಟು ವರ್ಷ ನಾನೂ ಹಾಗೆಯೇ ಕರೆದೆ, ಬೇರೆ ಹೆಸರು ಕೇಳಲಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಗಂಡ. ಅಂಗಳದಲ್ಲಿ ನಾಲ್ಕು ಮಲ್ಲಿಗೆ ಗಿಡ. ಇರುವುದು ಈ ಒಂದು ಕೆಲಸ. ಅದು ಹೋಗುತ್ತದಂತೆ ಎಂದು ಅವರೇ ನನಗೆ ಹೇಳಿದರು, ಮೆಟ್ಟಿಲು ಗುಡಿಸುತ್ತ, ಯಾರದೋ ಸುದ್ದಿ ಹೇಳುವಂತೆ.

ಆ ವರದಿ ಬರೆದದ್ದು ನಾನೇ ಎಂದೆ. ಅಲ್ಲೇ ಹೇಳಿದೆನೇ, ಮರುದಿನವೇ? ಮರುದಿನವಿರಬೇಕು. ಅಷ್ಟು ಧೈರ್ಯ ನನಗೆ ಅದೇ ದಿನ ಬಂದಿರಲಾರದು. ಬಾಯಮ್ಮ ಪೊರಕೆ ನಿಲ್ಲಿಸಲಿಲ್ಲ.

"ಬರೆಯುವ ಮೊದಲು ಒಂದು ಮಾತು ಕೇಳಬಹುದಿತ್ತಲ್ಲ ಮೇಡಂ."

ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ರಿಜಿಸ್ಟ್ರಾರರ ಬಳಿ ಹೋದೆ. ಆ ವಾಕ್ಯದ ಅರ್ಥ ಹಾಗಲ್ಲ, ಎಲೆಯನ್ನು ಗುಡಿಸಿ ಗೊಬ್ಬರ ಮಾಡಬೇಕೆಂದು ಎಂದೆ. ಅದು ಸುಳ್ಳು, ಬರೆಯುವಾಗ ನನ್ನ ತಲೆಯಲ್ಲಿ ಯಾವ ಅರ್ಥವೂ ಇರಲಿಲ್ಲ. ಅವರು ಕೆಟ್ಟವರಲ್ಲ. ರಜೆ ಶುರುವಾಗುವುದರೊಳಗೆ ಗೊಬ್ಬರ ಮಾಡಿ ತೋರಿಸಿ, ಗೊಬ್ಬರದ ಗುಂಡಿ ನೋಡಿಕೊಳ್ಳಲು ಒಬ್ಬರು ಬೇಕೇ ಬೇಕು ಎಂದು ನಾನೇ ಬರೆಯುತ್ತೇನೆ, ಗೊಬ್ಬರ ಆಗದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದರು.

ವಿದ್ಯಾರ್ಥಿಗಳು ಉತ್ಸಾಹದಿಂದ ಗುಂಡಿ ತೋಡಿದರು. ಮುರಕಲ್ಲಿನ ಗಟ್ಟಿ ಕೆಂಪು ನೆಲ, ಸೊಂಟದ ಆಳ ಆಗುವಷ್ಟರಲ್ಲಿ ಅಂಗೈ ಬೊಬ್ಬೆಯೆದ್ದಿತು. ಎಲೆ ತುಂಬಿಸಿ, ಹಸಿರು ಬಣ್ಣದ ಫಲಕ ನೆಟ್ಟು, ಫೋಟೋ ತೆಗೆಸಿಕೊಂಡು ಪರೀಕ್ಷೆಗೆ ಓದಲು ಹೋದರು. ಮೂರು ವಾರ ಕಳೆದು ಕೈ ಹಾಕಿದರೆ ಎಲೆ ಹಪ್ಪಳದಂತೆ ಸದ್ದು ಮಾಡಿತು. ಒಂದೂ ಕೊಳೆತಿರಲಿಲ್ಲ.

ಕಾರಣ ನನಗೆ ಗೊತ್ತಿತ್ತು, ನಾಚಿಕೆಯೆಂದರೆ ಅದು. ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಕೊಳೆಯಲು ಬೇಕಾದ ಸಾರಜನಕ ಕಡಿಮೆ. ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಆದರೆ ಸಾರಜನಕವನ್ನು ಎಲ್ಲಿಂದ ತರುವುದು? ಪೇಟೆಯ ನಡುವಿನ ಬಲ್ಮಠದ ಸುತ್ತ ಸೆಗಣಿ ಕೇಳಿದರೆ ಜನ ಮುಖ ನೋಡುತ್ತಿದ್ದರು. ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ಒಂದು ಕಿಲೋ ಯೂರಿಯಾ ಕಟ್ಟಿಸಿಕೊಂಡು ಬಂದೆ. ಹಸಿರು ಸಮಿತಿಯ ಸಂಚಾಲಕಿ ಕದ್ದು ಯೂರಿಯಾ ಹಾಕುವುದನ್ನು ಊಹಿಸಿಕೊಂಡು ಪ್ರಯೋಗಾಲಯದ ಕಪಾಟಿನಲ್ಲಿಟ್ಟೆ. ಈಗಲೂ ಅಲ್ಲಿಯೇ ಇದೆ, ಕಲ್ಲಿನಂತೆ ಗಟ್ಟಿಯಾಗಿ.

ಮಾರ್ಚಿನ ಒಂದು ಮಧ್ಯಾಹ್ನ ಬಾಯಮ್ಮ ಗುಂಡಿಯ ಬದಿಗೆ ಬಂದು ನಿಂತರು. ಒಂದು ಎಲೆ ಮುರಿದು ನೋಡಿದರು.

"ನನ್ನ ಮಲ್ಲಿಗೆಗೆ ಎಂತ ಹಾಕುದು ಗೊತ್ತುಂಟಾ ಮೇಡಂ? ಮೀನು ತೊಳೆದ ನೀರು. ಈ ಎಲೆಗೆ ಹಸಿವು. ಬರೀ ಫೋಟೋ ತೆಗೆದ್ರೆ ಹೊಟ್ಟೆ ತುಂಬ್ತದಾ ಅದಕ್ಕೆ?"

ಇಲ್ಲಿನ ಯಾವ ಮನೆಯಲ್ಲೂ ಆ ನೀರನ್ನು ಮೋರಿಗೆ ಚೆಲ್ಲುವುದಿಲ್ಲ. ತೆಂಗಿಗೋ ಬಸಳೆಗೋ ಕರಿಬೇವಿಗೋ ಹೋಗುತ್ತದೆ. ನಮ್ಮ ಮನೆಯಲ್ಲೂ ಹಾಗೆಯೇ, ಹುಟ್ಟಿದಾಗಿನಿಂದ ನೋಡಿದ್ದೇನೆ. ಬೋರ್ಡಿನ ಮೇಲಿನ ಸಾರಜನಕಕ್ಕೂ ಆ ನೀರಿಗೂ ಸಂಬಂಧವಿದೆಯೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಮುಂದೆ ನಡೆದದ್ದನ್ನು ನಾನು ಎಲ್ಲರಿಗೂ ಹೀಗೆ ಹೇಳುತ್ತ ಬಂದೆ. ಕ್ಯಾಂಟೀನು ನಡೆಸುವ ಬ್ಯಾರಿ ಯಜಮಾನರು, ನಮ್ಮೆಲ್ಲರ ಕಾಕ, ದಿನಾ ಒಂದು ಬಕೆಟು ಮೀನಿನ ನೀರು ಎತ್ತಿಟ್ಟರು. ಬಾಯಮ್ಮ ಅದನ್ನು ಎಲೆಯ ಮೇಲೆ ಸುರಿದು, ಕಾಗೆ ಬೆಕ್ಕು ಬಾರದಂತೆ ಮಣ್ಣು ಮುಚ್ಚಿ, ಮತ್ತೆ ಎಲೆ ಹಾಕಿದರು. ಎರಡು ದಿನ ಗ್ರಂಥಾಲಯದವರು ಕಿಟಕಿ ಮುಚ್ಚಿದರು. ಆಮೇಲೆ ವಾಸನೆ ಹೋಯಿತು.

ಮೇ ತಿಂಗಳ ಮೊದಲ ವಾರ ರಿಜಿಸ್ಟ್ರಾರರು ಮೂಗಿಗೆ ಕರವಸ್ತ್ರ ಹಿಡಿದೇ ಬಂದರು. ಬಾಯಮ್ಮ ಹಾರೆಯಿಂದ ಮೇಲಿನ ಪದರ ಸರಿಸಿದರು. ಎಲೆ ಹಾಗೇ ಇತ್ತು, ಗರಿಗರಿ. ಅವರು ಇನ್ನೂ ಒಂದು ಮೊಳ ಕೆಳಗೆ ಹೋದರು. ಕಪ್ಪು. ಹಾರೆಯ ತುದಿಯಿಂದ ಪುಡಿಪುಡಿಯಾಗಿ ಉದುರುವ ಕಪ್ಪು. ನಾನು ಕೈ ಒಳಗಿಟ್ಟೆ. ಬೆಚ್ಚಗಿತ್ತು, ಜ್ವರ ಬಂದವರ ಹಣೆಯ ಹಾಗೆ. ಹೋಲಿಕೆ ಸರಿಯಿಲ್ಲ, ಜ್ವರ ಮುಟ್ಟಿ ಯಾರಿಗೂ ಅಷ್ಟು ಸಮಾಧಾನ ಆಗುವುದಿಲ್ಲ. ರಿಜಿಸ್ಟ್ರಾರರು ಕರವಸ್ತ್ರ ಇಳಿಸಿ ಮೂಸಿ, ಮಣ್ಣಿನ ವಾಸನೆ ಬಿಟ್ಟರೆ ಏನೂ ಇಲ್ಲವಲ್ಲ ಎಂದರು. ಮಾತು ಉಳಿಸಿಕೊಂಡರು. ಸಂಜೆಯೊಳಗೆ ಪತ್ರ ಹೊರಟಿತು: ಮೂವರೂ ಇರಲಿ. ಅವರು ತಿರುಗಿ ಹೋಗುತ್ತಲೇ ನಾನು ಗುಂಡಿಯ ಬದಿಯಲ್ಲಿ, ನೆಲದ ಮೇಲೆ, ಸೀರೆಯ ಯೋಚನೆಯಿಲ್ಲದೆ ಕೂತುಬಿಟ್ಟೆ. ಬಾಯಮ್ಮ ಹುಲ್ಲಿಗೆ ಕೈ ಒರೆಸಿಕೊಂಡು ಗಂಡನಿಗೆ ಫೋನ್ ಮಾಡಿದರು. ಕೊಂಕಣಿ ನನಗೆ ಅರ್ಧ ಮಾತ್ರ ತಿಳಿಯುತ್ತದೆ. ಆ ಅರ್ಧ ಸಾಕಾಗಿತ್ತು.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಅದನ್ನು ನಂಬುತ್ತಿರಲಿಲ್ಲ. ಮುಗಿಯಲೂ ಇಲ್ಲ. ಈ ವರ್ಷ ಕ್ಯಾಂಟೀನಿನಲ್ಲಿ ಹೊಸ ಸಹೋದ್ಯೋಗಿಯೊಬ್ಬರಿಗೆ ಇದನ್ನೆಲ್ಲ ಹೇಳುತ್ತಿದ್ದೆ, ಕಾಕನನ್ನು ತೋರಿಸುತ್ತ, ಬಕೆಟು ಕೊಟ್ಟ ಮಹಾನುಭಾವ ಇವರೇ ಎಂದು. ಕಾಕ ಗಲ್ಲಾದಿಂದ ತಲೆ ಎತ್ತಿದರು.

"ಎಂತ ಹೇಳುದು ಮಾರಾಯ್ರೆ ನೀವು? ಆ ತಿಂಗಳು ಉಪವಾಸ ಅಲ್ವಾ. ಒಲೆಯೇ ಹೊತ್ತಿಸಲಿಲ್ಲ, ಜ್ಯೂಸು ಬಿಸ್ಕಿಟು ಮಾತ್ರ ಮಾರಿದ್ದು. ಮೀನೇ ಇಲ್ಲ, ನೀರು ಎಲ್ಲಿಂದ ಕೊಡುದು?"

ಹಳೆಯ ಕ್ಯಾಲೆಂಡರ್ ತೆಗೆದು ನೋಡಿದೆ. ಅವರು ಹೇಳಿದ್ದೇ ಸರಿ. ರಂಜಾನ್ ಬಿದ್ದದ್ದು ಮಾರ್ಚಿನಲ್ಲಿ, ನಾನು ಹೇಳುತ್ತಿದ್ದ ಬಕೆಟುಗಳೂ ಮಾರ್ಚಿನವೇ. ಹಿಂಬಾಗಿಲು, ಬಾಗಿದ ಕಾಕ, ಹೊಳೆಯುವ ಹುರುಪೆ: ಎಲ್ಲವನ್ನೂ ಬೇರೆ ಯಾವುದೋ ತಿಂಗಳಿನಿಂದ ತಂದು ನಾನೇ ಅಲ್ಲಿ ಇಟ್ಟಿದ್ದೇನೆ.

ಗ್ರಂಥಾಲಯದ ಕಿಟಕಿ ಮುಚ್ಚಿದ್ದು ನಿಜ. ಅದರ ಬಗ್ಗೆ ಬಂದ ದೂರು ನನ್ನ ಕಡತದಲ್ಲಿದೆ. ಹಾಗಾದರೆ ಮೀನಿನ ನೀರು ಬಂದದ್ದೂ ನಿಜ. ಬಾಯಮ್ಮನೇ ಮನೆಯಿಂದ ತಂದರೇ? ಅಲ್ಲಿಂದ ಬರಲು ಅವರು ಹಂಪನಕಟ್ಟೆಯಲ್ಲಿ ಬಸ್ಸು ಬದಲಿಸಬೇಕು. ಬೆಳಗಿನ ರಶ್ಶಿನಲ್ಲಿ ಆ ವಾಸನೆಯ ಕ್ಯಾನು ಹಿಡಿದು, ಕಂಡಕ್ಟರನ ಮಾತು ಕೇಳಿಸಿಕೊಂಡು, ಎರಡು ಬಸ್ಸು, ದಿನವೂ? ನನ್ನ ಒಂದು ಚಂದದ ವಾಕ್ಯಕ್ಕಾಗಿ?

ಮೊನ್ನೆ ಕೇಳಿಯೇಬಿಟ್ಟೆ. ಅವರು ಈ ವರ್ಷದ ಗುಂಡಿಗೆ ಎಲೆ ತುಳಿದು ತುಂಬಿಸುತ್ತಿದ್ದರು.

"ಗೊಬ್ಬರ ಆಯ್ತಲ್ಲ ಮೇಡಂ," ಎಂದರು. "ಈಗ ಅದೆಲ್ಲ ಎಂತಕ್ಕೆ? ಆ ಬದಿಯದ್ದು ಸ್ವಲ್ಪ ಈಚೆ ದೂಡಿ."

ದೂಡಿದೆ. ಆ ಮಾರ್ಚಿನ ನೀರು ಎಲ್ಲಿಂದ ಬಂತೆಂದು ನನಗೆ ಗೊತ್ತಿಲ್ಲ.